ವಾಡಿಕೆ ಮಳೆಯ ಲೆಕ್ಕ: ಹನ್ನೊಂದು ಅಂಕಿಗಳಲ್ಲಿ ಸಂಖ್ಯಾಶಾಸ್ತ್ರದ ಮೂಲಪಾಠ

‘ಜೂನ್‌ನಲ್ಲಿ ವಾಡಿಕೆಗಿಂತ ಶೇ 33ರಷ್ಟು ಕಡಿಮೆ ಮಳೆ.’ ಮುಂಗಾರು ಶುರುವಾದರೆ ಇಂಥ ಸಾಲು ಪತ್ರಿಕೆಯಲ್ಲಿ ಕಾಣದ ವಾರವಿಲ್ಲ. ವಾಡಿಕೆ ಎಂದರೆ ಹಲವು ವರ್ಷಗಳ ಸರಾಸರಿ ಮಳೆ. ಅಳತೆ, ದತ್ತಾಂಶ, ಸರಾಸರಿ, ಹರಡಿಕೆ, ಶೇಕಡಾವಾರು ಎಲ್ಲವೂ ಈ ಒಂದೇ ಸಾಲಿನೊಳಗಿವೆ. ಹಾಗಾಗಿ ಸಂಖ್ಯಾಶಾಸ್ತ್ರದ ಮೊದಲ ಪಾಠಕ್ಕೆ ಮಳೆಯ ಅಂಕಿಗಿಂತ ಒಳ್ಳೆಯ ಸಾಮಗ್ರಿ ನಮ್ಮಲ್ಲಿ ಇನ್ನೊಂದಿಲ್ಲ. ಬೇಕಾಗುವುದು ಕಾಗದ, ಪೆನ್ನು ಮತ್ತು ವರ್ಗಮೂಲದ ಗುಂಡಿ ಇರುವ ಕ್ಯಾಲ್ಕುಲೇಟರ್. ಎಕ್ಸೆಲ್ ಇದ್ದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಮೊದಲ ಸಲ ಕೈಯಲ್ಲೇ ಮಾಡುವುದು ಲೇಸು.

ಶುರುವಿಗೇ ಒಂದು ಮಾತು: ಸರಾಸರಿಯನ್ನಷ್ಟೇ ಹೇಳಿ ಅಂಕಿಗಳ ಹರಡಿಕೆಯನ್ನು ಹೇಳದವರು ಅರ್ಧ ವಿಷಯ ಮುಚ್ಚಿಟ್ಟಂತೆ. ಕೆಳಗಿನ ಹಂತಗಳೆಲ್ಲ ಆ ಉಳಿದರ್ಧವನ್ನು ಹೊರತೆಗೆಯಲು.

ಹಂತ 1: ಅಂಕಿ ಎಲ್ಲಿಂದ ಬಂತು?

ಸೂತ್ರದಲ್ಲಿ ತಪ್ಪುವವರು ಕಡಿಮೆ. ಹೆಚ್ಚಿನ ತಪ್ಪುಗಳು ಸೂತ್ರಕ್ಕೆ ಮುಂಚೆಯೇ ಆಗಿಹೋಗಿರುತ್ತವೆ.

1 ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರ್ ಜಾಗದ ಮೇಲೆ 1 ಲೀಟರ್ ನೀರು. ಮಳೆಮಾಪಕದ ಬಾಯಿ 200 ಚದರ ಸೆಂ.ಮೀ. ಇದ್ದರೆ 1 ಮಿ.ಮೀ. ಮಳೆಗೆ 20 ಮಿ.ಲೀ. ನೀರು ಸಿಗುತ್ತದೆ, ಬಾಯಿ 100 ಚದರ ಸೆಂ.ಮೀ. ಆದರೆ 10 ಮಿ.ಲೀ. ಎರಡು ಬಗೆಯ ಮಾಪಕಗಳೂ ಬಳಕೆಯಲ್ಲಿವೆ, ಎರಡಕ್ಕೂ ಬೇರೆ ಬೇರೆ ಅಳತೆ ಜಾಡಿಗಳಿವೆ. ಹಳೆಯ ಜಾಡಿ ಒಡೆದು, ಸಣ್ಣ ಬಾಯಿಯ ಮಾಪಕದ ಜಾಡಿಯಲ್ಲಿ ದೊಡ್ಡ ಬಾಯಿಯ ನೀರು ಅಳೆದರೆ 24 ಮಿ.ಮೀ. ಮಳೆ 48 ಎಂದು ದಾಖಲಾಗುತ್ತದೆ. ಹಾಳೆಯ ಮೇಲೆ 48 ಎಂಬುದು ಯಾವ ಅನುಮಾನಕ್ಕೂ ಎಡೆಕೊಡದ ಸಂಖ್ಯೆ. ಹಾಗಾಗಿ ಈ ತಪ್ಪು ವರ್ಷಗಟ್ಟಲೆ ಉಳಿದುಬಿಡಬಲ್ಲದು.

ಮಾಪಕ ಕೂತ ಜಾಗವೂ ಲೆಕ್ಕಕ್ಕೆ ಸೇರುತ್ತದೆ. ಅದರ ಅಂಚು ನೆಲದಿಂದ 30 ಸೆಂ.ಮೀ. ಎತ್ತರದಲ್ಲಿರಬೇಕು, ಹತ್ತಿರದ ಮರ, ಗೋಡೆಗಳು ತಮ್ಮ ಎತ್ತರದ ಎರಡರಷ್ಟಾದರೂ ದೂರವಿರಬೇಕು. ಪಕ್ಕದಲ್ಲಿ ನೆಟ್ಟ ಸಸಿ ಹತ್ತು ವರ್ಷದಲ್ಲಿ ಮರವಾದರೆ ಅಂಕಿಯಲ್ಲಿ ಮಳೆ ಮೆಲ್ಲಗೆ ಇಳಿಯುತ್ತ ಹೋಗುತ್ತದೆ, ಆಕಾಶದಲ್ಲಿ ಏನೂ ಬದಲಾಗಿರುವುದಿಲ್ಲ.

ಇನ್ನು ದಿನಾಂಕ. ಭಾರತೀಯ ಹವಾಮಾನ ಇಲಾಖೆಯ ರೂಢಿಯಂತೆ ಬೆಳಿಗ್ಗೆ 8.30ಕ್ಕೆ ಮಳೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಅಂದಿನ ದಿನಾಂಕಕ್ಕೆ ಬರೆಯುತ್ತಾರೆ. ಜೂನ್ 5ರ ರಾತ್ರಿ ಸುರಿದದ್ದು ಜೂನ್ 6ರ ಖಾತೆಗೆ. ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಲೆಕ್ಕ ಇಡುವ ಸ್ವಯಂಚಾಲಿತ ಮಾಪಕದ ಅಂಕಿಯನ್ನು ಇದರ ಪಕ್ಕದಲ್ಲಿಟ್ಟರೆ ತಿಂಗಳ ಮೊತ್ತ ಹೆಚ್ಚುಕಡಿಮೆ ಹೊಂದುತ್ತದೆ, ದಿನದ ಅಂಕಿ ಮಾತ್ರ ತಾಳೆಯಾಗುವುದಿಲ್ಲ.

ಹಂತ 2: ಬರೆದಿಡುವ ಬಗೆ

ಒಂದು ಸಾಲಿಗೆ ಒಂದೇ ದಾಖಲೆ: ದಿನಾಂಕ, ಮಾಪಕದ ಹೆಸರು, ಮಳೆ (ಮಿ.ಮೀ.), ಷರಾ. ಸಂಖ್ಯೆಯ ಅಂಕಣದಲ್ಲಿ ‘12 ಮಿ.ಮೀ.’ ಎಂದು ಅಕ್ಷರ ಸೇರಿಸಬೇಡಿ. ಸೇರಿಸಿದರೆ ಎಕ್ಸೆಲ್ ಅದನ್ನು ಪಠ್ಯವೆಂದು ಓದಿ, ಮೊತ್ತದಿಂದ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಹಳೆಯ ದಾಖಲೆಗಳು ಅಂಗುಲದಲ್ಲಿರಬಹುದು. 1 ಅಂಗುಲ 25.4 ಮಿ.ಮೀ. ಆದ್ದರಿಂದ ಎಂಬತ್ತು, ತೊಂಬತ್ತುಗಳ ನಡುವೆ 3.2 ಎಂಬ ಅಂಕಿ ಕಂಡರೆ ಅದು 81.28 ಆಗಿರುವ ಸಾಧ್ಯತೆಯನ್ನು ನೋಡಿ.

ಸೊನ್ನೆಯೂ ಖಾಲಿ ಜಾಗವೂ ಒಂದಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗದು. ಸೊನ್ನೆ ಎಂದರೆ ಅಳೆದೆವು, ಮಳೆ ಇರಲಿಲ್ಲ. ಖಾಲಿ ಎಂದರೆ ಅಳೆಯಲೇ ಇಲ್ಲ. ಎಕ್ಸೆಲ್‌ನ ಆವರೇಜ್ ಸೂತ್ರ ಖಾಲಿ ಕೋಶವನ್ನು ಬಿಟ್ಟು ಭಾಗಿಸುತ್ತದೆ, ಸೊನ್ನೆಯನ್ನು ಎಣಿಕೆಗೆ ಸೇರಿಸಿ ಭಾಗಿಸುತ್ತದೆ. ಕೆಲವು ಕಡತಗಳಲ್ಲಿ ಅಳೆಯದ ದಿನಕ್ಕೆ -999 ಎಂಬ ಸಂಕೇತವಿರುತ್ತದೆ. ಅದನ್ನು ತೆಗೆಯದೆ ಕೂಡಿದರೆ ಮಳೆ ಋಣ ಸಂಖ್ಯೆಯಾಗಿ ಬರುತ್ತದೆ. ಅಷ್ಟು ಅಸಂಬದ್ಧವಾದಾಗ ತಪ್ಪು ಕಣ್ಣಿಗೆ ಬೀಳುತ್ತದೆ, ಅದೇ ಪುಣ್ಯ. ಖಾಲಿ ಜಾಗದಲ್ಲಿ ಕೂತ ಸೊನ್ನೆ ಕಣ್ಣಿಗೆ ಬೀಳುವುದೇ ಇಲ್ಲ.

ಐದು ದಿನದ ಅಂಕಿ ಇಲ್ಲವಾದರೆ ತುಂಬುವ ಒಂದು ಮಾನ್ಯ ದಾರಿ: ಆ ದಿನಗಳಲ್ಲಿ ಪಕ್ಕದ ಮಾಪಕದಲ್ಲಿ 12 ಮಿ.ಮೀ. ಬಿದ್ದಿದೆ, ಅಲ್ಲಿಯ ವಾಡಿಕೆ 80, ನಿಮ್ಮದು 72 ಎಂದಿಟ್ಟುಕೊಳ್ಳಿ. 12 × 72 ÷ 80 = 10.8 ಮಿ.ಮೀ. ಷರಾದಲ್ಲಿ ‘ಅಂದಾಜು’ ಎಂದು ಬರೆಯದೆ ಹೀಗೆ ತುಂಬಬೇಡಿ.

ಹಂತ 3: ಅಂಕಿಯ ಜಾತಿ

ಸಂಖ್ಯೆಯಂತೆ ಕಾಣುವುದೆಲ್ಲ ಕೂಡಿ ಕಳೆಯುವಂಥದ್ದಲ್ಲ. ಪಿನ್‌ಕೋಡ್ ಬರೀ ಗುರುತು; ಅದರ ಸರಾಸರಿಗೆ ಅರ್ಥವಿಲ್ಲ. ‘ಕೊರತೆ, ವಾಡಿಕೆ, ಅಧಿಕ’ ಎಂಬುದರಲ್ಲಿ ಕ್ರಮವಿದೆ, ಸಮಾನ ಅಂತರವಿಲ್ಲ. ಸೆಲ್ಸಿಯಸ್ ಉಷ್ಣಾಂಶದಲ್ಲಿ ಅಂತರವಿದೆ, ಆದರೆ 30 ಡಿಗ್ರಿ 15ರ ಎರಡರಷ್ಟು ಬಿಸಿಯಲ್ಲ. ಮಳೆಯ ಸೊನ್ನೆ ನಿಜವಾದ ಸೊನ್ನೆ, ಹಾಗಾಗಿ 60 ಮಿ.ಮೀ. ಎಂಬುದು 30ರ ಎರಡರಷ್ಟೇ. ಇಲ್ಲಿಂದ ಮುಂದಿನ ಲೆಕ್ಕಗಳೆಲ್ಲ ಈ ಕೊನೆಯ ಜಾತಿಗೆ.

ಹಂತ 4: ಮೊದಲು ಜೋಡಿಸಿ, ಆಮೇಲೆ ಲೆಕ್ಕ

ಅಭ್ಯಾಸಕ್ಕೆಂದೇ ಹೆಣೆದ ಅಂಕಿಗಳಿವು; ಯಾವುದೇ ನಿಜ ಊರಿನವಲ್ಲ. ಒಣಪ್ರದೇಶದ ಒಂದು ಮಾಪಕದಲ್ಲಿ ಹನ್ನೊಂದು ವರ್ಷದ ಜೂನ್ ಮಳೆ, ಮಿ.ಮೀ.ಗಳಲ್ಲಿ:

62, 48, 75, 31, 214, 55, 68, 40, 83, 52, 64

ಏರಿಕೆ ಕ್ರಮದಲ್ಲಿ ಜೋಡಿಸಿದರೆ:

31, 40, 48, 52, 55, 62, 64, 68, 75, 83, 214

25 ಮಿ.ಮೀ.ಗೊಂದರಂತೆ ಗುಂಪು ಕಟ್ಟಿದರೆ 25–50ರಲ್ಲಿ 3 ವರ್ಷ, 50–75ರಲ್ಲಿ 5, 75–100ರಲ್ಲಿ 2, ಅಲ್ಲಿಂದ 200–225ರವರೆಗೆ ಬಯಲು, ಅಲ್ಲಿ ಒಂಟಿಯಾಗಿ 1. ಗಡಿಯಲ್ಲಿರುವ 75 ಮೇಲಿನ ಗುಂಪಿಗೆ ಸೇರಿದೆ. ಈ ನಿಯಮವನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಒಂದೇ ಅಂಕಿ ಎರಡು ಕಡೆ ಎಣಿಕೆಯಾಗುತ್ತದೆ. ಇದನ್ನು ಕಂಬಗಳಾಗಿ ಗೀಚಿ ನೋಡಿ. ಎಡಗಡೆ ಗುಂಪು, ಬಲಗಡೆ ದೂರದಲ್ಲಿ ಒಂದು ಕಂಬ. ಮುಂದೆ ಬರುವ ತೊಡಕುಗಳೆಲ್ಲ ಈ ಚಿತ್ರದಲ್ಲೇ ಕಾಣುತ್ತವೆ.

ಗುಂಪು ಕಟ್ಟುವುದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಜೂನ್ ಎಂಬುದು ಕ್ಯಾಲೆಂಡರಿನ ಗುಂಪು. ರೈತರ ಗುಂಪು ಬೇರೆ: ರೋಹಿಣಿ, ಮೃಗಶಿರಾ, ಆರಿದ್ರಾ, ಒಂದೊಂದಕ್ಕೆ 13–14 ದಿನ. ಮೃಗಶಿರಾ ಹುಟ್ಟುವುದು ಜೂನ್ 7–8ರ ಸುಮಾರಿಗೆ, ಆರಿದ್ರಾ 21–22ಕ್ಕೆ. ತಿಂಗಳ ಮೊತ್ತ ‘ಸಾಧಾರಣ’ ಎಂದಾಗಲೂ ಮೃಗಶಿರಾ ಪೂರ್ತಿ ಒಣಗಿ, ಆರಿದ್ರಾ ಮೊದಲ ವಾರದಲ್ಲಿ ಎಲ್ಲ ಸುರಿದಿರಬಹುದು. ಬಿತ್ತನೆಯ ಪ್ರಶ್ನೆಗೆ ತಿಂಗಳ ಗುಂಪಿಗಿಂತ ನಕ್ಷತ್ರದ ಗುಂಪು ಹೆಚ್ಚು ಸೂಕ್ಷ್ಮವಾಗಿ ಉತ್ತರಿಸುತ್ತದೆ. ಅದಕ್ಕೇ ದಿನವಾರು ಅಂಕಿಯನ್ನು ಎಂದೂ ಎಸೆಯಬಾರದು: ದಿನದಿಂದ ತಿಂಗಳು ಮಾಡಬಹುದು, ತಿಂಗಳಿನಿಂದ ದಿನ ಮಾಡಲಾಗದು.

ಹಂತ 5: ಸರಾಸರಿ ಮತ್ತು ಮಧ್ಯಾಂಕ

ಮೊತ್ತ 792. ಹನ್ನೊಂದರಿಂದ ಭಾಗಿಸಿದರೆ ಸರಾಸರಿ 72 ಮಿ.ಮೀ. ಮಧ್ಯಾಂಕ ಎಂದರೆ ಜೋಡಿಸಿದ ಸಾಲಿನ ನಡುವಿನದು, ಇಲ್ಲಿ ಆರನೆಯದು: 62. (ಅಂಕಿಗಳು ಸಮಸಂಖ್ಯೆಯಲ್ಲಿದ್ದರೆ ನಡುವಿನ ಎರಡರ ಸರಾಸರಿ.) ಬಹುಲಕ ಎಂದರೆ ಹೆಚ್ಚು ಸಲ ಬಂದದ್ದು, ಇಲ್ಲಿ ಯಾವುದೂ ಎರಡು ಸಲ ಬಂದಿಲ್ಲ, 50–75 ಹೆಚ್ಚು ವರ್ಷಗಳಿರುವ ಗುಂಪು ಎನ್ನಬಹುದಷ್ಟೆ.

ಈಗ ಎಣಿಸಿ ನೋಡಿ. 72ಕ್ಕಿಂತ ಹೆಚ್ಚು ಮಳೆಯಾದ ವರ್ಷಗಳು ಮೂರೇ: 75, 83, 214. ಉಳಿದ ಎಂಟು ವರ್ಷ ‘ಸರಾಸರಿಗಿಂತ ಕಡಿಮೆ’. ಹನ್ನೊಂದರಲ್ಲಿ ಎಂಟು ವರ್ಷ ಮಳೆ ಮುಟ್ಟದ ಅಂಕಿಯನ್ನು ವಾಡಿಕೆ ಎಂದು ಕರೆಯುವುದು ವಿಚಿತ್ರವೇ ಸರಿ. 214 ಬಿಟ್ಟರೆ ಸರಾಸರಿ 57.8ಕ್ಕೆ ಇಳಿಯುತ್ತದೆ, ಮಧ್ಯಾಂಕ 62ರಿಂದ 58.5ಕ್ಕೆ ಬರುತ್ತದೆ, ಅಷ್ಟೆ. ಒಂದು ತುದಿಯ ಅಂಕಿ ಸರಾಸರಿಯನ್ನು 14 ಮಿ.ಮೀ. ಎಳೆದಾಡಿತು, ಮಧ್ಯಾಂಕವನ್ನು ಬರೀ ಮೂರೂವರೆ. ಮಳೆ, ಆದಾಯ, ಜಮೀನಿನ ವಿಸ್ತೀರ್ಣ ಇವೆಲ್ಲ ಬಲಕ್ಕೆ ವಾಲಿದ ಅಂಕಿಗಳು, ಅಂದರೆ ಕೆಲವೇ ದೊಡ್ಡ ಅಂಕಿಗಳು ಬಲಗಡೆ ದೂರ ಚಾಚಿರುತ್ತವೆ. ಇವುಗಳಿಗೆ ಮೊದಲು ಮಧ್ಯಾಂಕ ಕೇಳಿ.

ಹಾಗೆಂದು ಸರಾಸರಿ ದಂಡವಲ್ಲ. ಕೆರೆಗೆ ಒಟ್ಟು ಎಷ್ಟು ನೀರು ಬಂದೀತು ಎಂಬ ಪ್ರಶ್ನೆಗೆ ಸರಾಸರಿಯೇ ಬೇಕು, ಏಕೆಂದರೆ ಆ 214ರ ನೀರೂ ಕೆರೆಗೇ ಬರುತ್ತದೆ. ‘ಈ ವರ್ಷ ಏನು ನಿರೀಕ್ಷಿಸಲಿ?’ ಎಂಬ ಪ್ರಶ್ನೆಗೆ ಮಧ್ಯಾಂಕ.

ಹಂತ 6: ಹರಡಿಕೆ

ವ್ಯಾಪ್ತಿ ಸುಲಭ: 214 − 31 = 183. ಎರಡೇ ಅಂಕಿ ನೋಡುವುದರಿಂದ ಇದರ ಮೇಲೆ ಹೆಚ್ಚು ಭಾರ ಹಾಕುವಂತಿಲ್ಲ.

ಅಂಕಿಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರವಿವೆ ಎಂಬ ಅಳತೆಯೇ ಮಾನಕ ವಿಚಲನೆ. ಅದಕ್ಕೆ ನಾಲ್ಕು ಕೆಲಸ. ಒಂದು, ಪ್ರತಿ ಅಂಕಿಯಿಂದ 72 ಕಳೆಯಿರಿ: −41, −32, −24, −20, −17, −10, −8, −4, 3, 11, 142. ಇವನ್ನು ಕೂಡಿದರೆ ಸೊನ್ನೆಯೇ ಬರಬೇಕು. ಬಾರದಿದ್ದರೆ ಕಳೆಯುವುದರಲ್ಲೋ ಸರಾಸರಿಯಲ್ಲೋ ತಪ್ಪಿದೆ. ಎರಡು, ಒಂದೊಂದನ್ನೂ ವರ್ಗ ಮಾಡಿ ಕೂಡಿ: 24,444. ಮೂರು, ಎಣಿಕೆಗಿಂತ ಒಂದು ಕಡಿಮೆಯಿಂದ, ಅಂದರೆ 10ರಿಂದ ಭಾಗಿಸಿ: 2,444.4. ನಾಲ್ಕು, ವರ್ಗಮೂಲ: 49.4 ಮಿ.ಮೀ.

ಹನ್ನೊಂದರ ಬದಲು ಹತ್ತೇಕೆ? ನಿಜವಾದ ದೀರ್ಘಾವಧಿ ಸರಾಸರಿ ನಮಗೆ ಗೊತ್ತಿಲ್ಲ. ಇದೇ ಹನ್ನೊಂದು ಅಂಕಿಗಳಿಂದ ತೆಗೆದ 72ನ್ನು ಅದರ ಜಾಗದಲ್ಲಿಟ್ಟಿದ್ದೇವೆ. ಅಂಕಿಗಳು ತಮ್ಮದೇ ಸರಾಸರಿಗೆ ಯಾವಾಗಲೂ ಹೆಚ್ಚು ಹತ್ತಿರವಿರುತ್ತವೆ, ಹಾಗಾಗಿ ಹನ್ನೊಂದರಿಂದ ಭಾಗಿಸಿದರೆ ಹರಡಿಕೆ ಇರುವುದಕ್ಕಿಂತ ಕಡಿಮೆ ತೋರುತ್ತದೆ (47.1 ಬರುತ್ತದೆ). ಎಕ್ಸೆಲ್‌ನಲ್ಲಿ ಹೆಸರಿನ ಕೊನೆಗೆ ‘ಎಸ್’ ಇರುವ ಸೂತ್ರ ಹತ್ತರಿಂದ, ‘ಪಿ’ ಇರುವುದು ಹನ್ನೊಂದರಿಂದ ಭಾಗಿಸುತ್ತದೆ. ಇಬ್ಬರ ಉತ್ತರ ಹೊಂದದಿದ್ದಾಗ ಮೊದಲು ನೋಡಬೇಕಾದ್ದು ಇದನ್ನೇ.

49.4ನ್ನು 72ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ವಿಚಲನ ಗುಣಾಂಕ: ಶೇ 69. ಬೇರೆ ಬೇರೆ ಊರುಗಳನ್ನು ಹೋಲಿಸಲು ಇದೇ ಸರಿಯಾದ ಅಳತೆ. ವರ್ಷಕ್ಕೆ 7,000 ಮಿ.ಮೀ. ಮೀರುವ ಆಗುಂಬೆಯಲ್ಲಿ 50 ಮಿ.ಮೀ. ಏರುಪೇರು ಲೆಕ್ಕಕ್ಕಿಲ್ಲ, ಚಳ್ಳಕೆರೆ ಕಡೆಯ ಶೇಂಗಾ ಹೊಲದಲ್ಲಿ ಅಷ್ಟರಲ್ಲೇ ಬೆಳೆಯ ಹಣೆಬರಹ ನಿರ್ಧಾರವಾಗಬಹುದು.

ಇನ್ನೂ ಒಂದು ನೋಟ. ವರ್ಗಗಳ ಮೊತ್ತವಾದ 24,444ರಲ್ಲಿ 142ರ ವರ್ಗವೊಂದೇ 20,164. ಶೇ 82ಕ್ಕಿಂತ ಹೆಚ್ಚು. 214 ಬಿಟ್ಟು ಲೆಕ್ಕ ಹಾಕಿದರೆ ಮಾನಕ ವಿಚಲನೆ 15.9, ಗುಣಾಂಕ ಶೇ 27. ಒಂದೇ ವರ್ಷದಿಂದ ‘ನಂಬಬಹುದಾದ ಮಳೆಯೂರು’ ‘ನಂಬಲಾಗದ ಮಳೆಯೂರು’ ಆಗಿಬಿಟ್ಟಿತು.

ಚತುರ್ಥಕಗಳು, ಅಂದರೆ ಜೋಡಿಸಿದ ಸಾಲನ್ನು ನಾಲ್ಕು ಸಮಪಾಲು ಮಾಡುವ ಗಡಿಗಳು, ಈ ಎಳೆದಾಟಕ್ಕೆ ಸಿಗುವುದಿಲ್ಲ. ಎಣಿಕೆಗೆ ಒಂದು ಕೂಡಿಸಿ ನಾಲ್ಕರಿಂದ ಭಾಗಿಸಿ: 12 ÷ 4 = 3. ಕೆಳಗಿನಿಂದ ಮೂರನೆಯದು, 48, ಮೊದಲ ಚತುರ್ಥಕ. ಮೇಲಿನಿಂದ ಮೂರನೆಯದು, 75, ಮೂರನೆಯ ಚತುರ್ಥಕ. ನಡುವಿನ ಅಂತರ 27. ಎಕ್ಸೆಲ್‌ನ ಹಳೆಯ ಕ್ವಾರ್ಟೈಲ್ ಸೂತ್ರ ಇಲ್ಲಿ 50 ಮತ್ತು 71.5 ಕೊಡುತ್ತದೆ. ಎರಡೂ ಸರಿಯೇ, ನಿಯಮ ಬೇರೆ. ಒಂದು ವರದಿಯಲ್ಲಿ ಎರಡನ್ನೂ ಬೆರೆಸದಿದ್ದರಾಯಿತು.

ಹಂತ 7: 214ನ್ನು ಏನು ಮಾಡುವುದು?

ರೂಢಿಯ ಪರೀಕ್ಷೆ: ಮೂರನೆಯ ಚತುರ್ಥಕಕ್ಕೆ ಅಂತರದ ಒಂದೂವರೆಯಷ್ಟು ಸೇರಿಸಿ. 75 + 40.5 = 115.5. ಅದನ್ನು ಮೀರಿದ್ದು ‘ಹೊರಗಿನ ಅಂಕಿ’. 214 ಹೊರಗಿದೆ. ಆದರೆ ಈ ಪರೀಕ್ಷೆ ‘ಇದನ್ನು ವಿಚಾರಿಸು’ ಎನ್ನುತ್ತದೆಯೇ ಹೊರತು ‘ಅಳಿಸು’ ಎನ್ನುವುದಿಲ್ಲ.

ವಿಚಾರಿಸುವ ಕ್ರಮ: ಆ ವರ್ಷದ ದಿನವಾರು ಹಾಳೆ ತೆಗೆಯಿರಿ. ಪ್ರತಿದಿನದ ಅಂಕಿಯೂ ಪಕ್ಕದ ಊರಿನದರ ಸರಿಸುಮಾರು ಎರಡರಷ್ಟಿದ್ದರೆ ಜಾಡಿ ತಪ್ಪಿರಬಹುದು. ಸೋಮವಾರಗಳಲ್ಲೇ ದೊಡ್ಡ ಅಂಕಿ, ಭಾನುವಾರಗಳೆಲ್ಲ ಖಾಲಿ ಎಂದಿದ್ದರೆ ಎರಡು ದಿನದ ನೀರನ್ನು ಒಟ್ಟಿಗೆ ಅಳೆದಿದ್ದಾರೆ. ತಿಂಗಳ ಮೊತ್ತ ಸರಿ, ದಿನದ್ದು ತಪ್ಪು. ಒಂದೇ ದಿನ 118 ಮಿ.ಮೀ. ಬಿದ್ದು, ಸುತ್ತಲಿನ ಮಾಪಕಗಳಲ್ಲೂ ಅಂದು ಭಾರಿ ಮಳೆ ದಾಖಲಾಗಿದ್ದರೆ ಅದು ನಿಜವಾದ ಮಳೆ. ಇಲಾಖೆಯ ವರ್ಗೀಕರಣದಲ್ಲಿ 24 ಗಂಟೆಯಲ್ಲಿ 115.6ರಿಂದ 204.4 ಮಿ.ಮೀ. ‘ಅತಿ ಭಾರಿ’, ಅಪರೂಪ, ಅಸಾಧ್ಯವಲ್ಲ. ಕಾರಣ ಸಿಕ್ಕದೆ ಅಳಿಸಬೇಡಿ. ಸೇರಿಸಿ ಒಂದು, ಬಿಟ್ಟು ಒಂದು ಲೆಕ್ಕ ಹಾಕಿ ಎರಡನ್ನೂ ತೋರಿಸಿ.

ಹಳೆಯ ಅಂಕಿಯನ್ನು ಕೂತು ನೋಡುವುದರ ಬೆಲೆಗೆ ಇಲ್ಲೊಂದು ಉದಾಹರಣೆ. 1926ರಲ್ಲಿ ಒಡಿಶಾದ ಬ್ರಾಹ್ಮಣಿ ನದಿ ಉಕ್ಕಿದಾಗ, ನದಿಯ ಪಾತಳಿ ಒಂದು ಅಡಿಯಷ್ಟು ಏರಿದೆ, ದಂಡೆ ಎತ್ತರಿಸಬೇಕು ಎಂದು ಎಂಜಿನಿಯರುಗಳು ತೀರ್ಮಾನಿಸಿದ್ದರು. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ ಸುಮಾರು 60 ವರ್ಷದ ಮಳೆ, ಪ್ರವಾಹದ ಅಂಕಿ ತೆಗೆದು ನೋಡಿ, ಪಾತಳಿ ಏರಿಲ್ಲ, ಮೇಲಿನ ಜಲಾನಯನದಲ್ಲಿ ಬಿದ್ದ ವಿಪರೀತ ಮಳೆಯೇ ಕಾರಣ ಎಂದು ತೋರಿಸಿದರು. 1931ರಲ್ಲಿ ಅವರು ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲೇ ಬೆಳೆದವರು ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್.

ಹಂತ 8: ಬಿತ್ತನೆಗೆ ಬೇಕಾದ ಅಂಕಿ

ಒಣಬೇಸಾಯಕ್ಕೆ ‘ಸರಾಸರಿ ಎಷ್ಟು’ ಎಂಬುದಕ್ಕಿಂತ ‘ನಾಲ್ಕರಲ್ಲಿ ಮೂರು ವರ್ಷ ಕನಿಷ್ಠ ಎಷ್ಟು ಬಂದೀತು’ ಎಂಬುದು ಮುಖ್ಯ. ಅಂಕಿಗಳನ್ನು ಇಳಿಕೆ ಕ್ರಮದಲ್ಲಿಡಿ: 214, 83, 75, 68, 64, 62, 55, 52, 48, 40, 31. ಪ್ರತಿಯೊಂದರ ಸ್ಥಾನವನ್ನು, ಎಣಿಕೆಗೆ ಒಂದು ಸೇರಿಸಿದ 12ರಿಂದ ಭಾಗಿಸಿ. ಒಂಬತ್ತನೆಯದಕ್ಕೆ 9 ÷ 12 = ಶೇ 75. ಒಂಬತ್ತನೆಯ ಅಂಕಿ 48. ಅಂದರೆ ಜೂನ್‌ನಲ್ಲಿ ಕನಿಷ್ಠ 48 ಮಿ.ಮೀ. ಬರುವ ಸಂಭವ ಶೇ 75. ಬೆಳೆ ಯೋಜನೆಗೆ ಹಿಡಿಯಬೇಕಾದ್ದು ಈ 48ನ್ನು. 72ನ್ನು ಹಿಡಿದವರು ಹೆಚ್ಚಿನ ವರ್ಷ ಕೈಸುಟ್ಟುಕೊಳ್ಳುತ್ತಾರೆ.

ಆ 48 ಹೇಗೆ ಬಂತು ಎಂಬುದೂ ಬೇಕು. 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನವನ್ನು ಮಳೆದಿನ ಎನ್ನುತ್ತಾರೆ. ಆರು ಮಳೆದಿನದಲ್ಲಿ ಹಂಚಿ ಬಂದ 48 ಬೇರೆ, ಒಂದೇ ಸಂಜೆ ಸುರಿದು ಹರಿದುಹೋದ 48 ಬೇರೆ. ಮೊತ್ತದ ಪಕ್ಕ ಮಳೆದಿನಗಳ ಅಂಕಣವೊಂದನ್ನು ಇಡಿ.

ಹಂತ 9: ಶೇಕಡಾವಾರು

ವಾಡಿಕೆಯಿಂದ ವ್ಯತ್ಯಾಸದ ಸೂತ್ರ: (ಬಿದ್ದದ್ದು − ವಾಡಿಕೆ) ÷ ವಾಡಿಕೆ × 100. ಹವಾಮಾನ ಇಲಾಖೆ −19ರಿಂದ +19ರವರೆಗೆ ‘ವಾಡಿಕೆ’, −20ರಿಂದ −59 ‘ಕೊರತೆ’, −60ರಿಂದ −99 ‘ತೀವ್ರ ಕೊರತೆ’, +20ರಿಂದ +59 ‘ಅಧಿಕ’, +60 ಮೇಲ್ಪಟ್ಟು ‘ಅತ್ಯಧಿಕ’ ಎಂದು ವಿಂಗಡಿಸುತ್ತದೆ. ನಮ್ಮ ಮಾಪಕದಲ್ಲಿ 48 ಬಿದ್ದ ವರ್ಷ 72ಕ್ಕೆ ಹೋಲಿಸಿದರೆ −33, ಕೊರತೆ. ಇದೇ ಅಳತೆಗೋಲಿನಲ್ಲಿ ಹನ್ನೊಂದರಲ್ಲಿ ಐದು ವರ್ಷ ಕೊರತೆಯ ವರ್ಷಗಳೇ. ಮಧ್ಯಾಂಕಕ್ಕೆ ಹೋಲಿಸಿದರೆ ಅದೇ 48 ಸುಮಾರು −23.

ಚಿಕ್ಕ ವಾಡಿಕೆಗೆ ಶೇಕಡಾವಾರು ಹಾಕಬೇಡಿ. ಜನವರಿಯ ವಾಡಿಕೆ 2 ಮಿ.ಮೀ. ಇರುವಲ್ಲಿ 6 ಬಿದ್ದರೆ ‘ಶೇ 200 ಅಧಿಕ’. ಸುದ್ದಿಗೆ ತಲೆಬರಹವಾದೀತು, ನೆಲ ನೆನೆಯದು.

ಶೇಕಡಾವಾರುಗಳ ಸರಾಸರಿಯನ್ನೂ ತೆಗೆಯಬೇಡಿ. ಸಮ ವಿಸ್ತೀರ್ಣದ ಎರಡು ತಾಲ್ಲೂಕುಗಳು: ಒಂದರಲ್ಲಿ ವಾಡಿಕೆ 3,000, ಬಿದ್ದದ್ದು 2,700, ಶೇ 10 ಕಡಿಮೆ. ಇನ್ನೊಂದರಲ್ಲಿ ವಾಡಿಕೆ 500, ಬಿದ್ದದ್ದು 600, ಶೇ 20 ಹೆಚ್ಚು. ಶೇಕಡಾವಾರುಗಳ ಸರಾಸರಿ +5. ಮೊತ್ತ ನೋಡಿದರೆ 3,500ಕ್ಕೆ 3,300, ಅಂದರೆ −5.7. ಚಿಹ್ನೆಯೇ ತಿರುಗಿತು. ಮೊದಲು ಮಿ.ಮೀ. ಕೂಡಿ, ಕೊನೆಗೆ ಶೇಕಡಾ ತೆಗೆಯಿರಿ. ತಾಲ್ಲೂಕುಗಳ ವಿಸ್ತೀರ್ಣ ಬೇರೆಯಾದರೆ ಪ್ರತಿ ಅಂಕಿಯನ್ನು ವಿಸ್ತೀರ್ಣದಿಂದ ಗುಣಿಸಿ, ಕೂಡಿ, ಒಟ್ಟು ವಿಸ್ತೀರ್ಣದಿಂದ ಭಾಗಿಸಿ. ಕರಾವಳಿ ಮತ್ತು ಒಳನಾಡನ್ನು ಒಂದೇ ಅಂಕಿಯಲ್ಲಿ ಕಟ್ಟುವ ರಾಜ್ಯ ಸರಾಸರಿಯಿಂದ ನಿಮ್ಮ ಹೊಲದ ಬಗ್ಗೆ ಏನೂ ತಿಳಿಯುವುದಿಲ್ಲ.

ಹಂತ 10: ಹನ್ನೊಂದು ವರ್ಷ ಸಾಕೇ?

ಸಾಲದು, ಎಷ್ಟು ಸಾಲದು ಎಂಬುದನ್ನೂ ಅಳೆಯಬಹುದು. ಮಾನಕ ವಿಚಲನೆಯನ್ನು ಎಣಿಕೆಯ ವರ್ಗಮೂಲದಿಂದ ಭಾಗಿಸಿ: 49.4 ÷ 3.32 = 14.9. ಹತ್ತು ಸ್ವಾತಂತ್ರ್ಯಾಂಶಕ್ಕೆ (ಎಣಿಕೆಗಿಂತ ಒಂದು ಕಡಿಮೆ) ‘ಟಿ’ ಕೋಷ್ಟಕದಲ್ಲಿ ಶೇ 95ರ ಭರವಸೆಗೆ ಸಿಗುವ 2.228ರಿಂದ ಗುಣಿಸಿದರೆ 33. ಅಂದರೆ ನಮ್ಮ ‘72’ ನಿಜವಾಗಿ 39ರಿಂದ 105ರೊಳಗೆ ಎಲ್ಲಾದರೂ ಇದ್ದೀತು; ಅಂಕಿಗಳು ಬಲಕ್ಕೆ ವಾಲಿರುವುದರಿಂದ ಈ ಗಡಿಗಳೂ ಅಂದಾಜೇ. ಈ ಅನಿಶ್ಚಿತತೆಯನ್ನು ಅರ್ಧಕ್ಕಿಳಿಸಲು ಸುಮಾರು ನಾಲ್ಕರಷ್ಟು ವರ್ಷ ಬೇಕು. ಹವಾಮಾನದ ವಾಡಿಕೆಗೆ ಕನಿಷ್ಠ 30 ವರ್ಷದ ಅಂಕಿ ಕೇಳುವುದು ಸುಮ್ಮನೆ ಅಲ್ಲ. ದೇಶದ ಮುಂಗಾರಿನ ವಾಡಿಕೆಯಾದ 87 ಸೆಂ.ಮೀ. 1971ರಿಂದ 2020ರವರೆಗಿನ 50 ವರ್ಷದ ಸರಾಸರಿ.

ಹಂತ 11: ಮಳೆ ಮತ್ತು ಇಳುವರಿ

ಎರಡು ಅಂಕಣಗಳ ಸಹಸಂಬಂಧವನ್ನು (ಒಂದು ಏರಿದಂತೆ ಇನ್ನೊಂದು ಎಷ್ಟರಮಟ್ಟಿಗೆ ಏರುತ್ತದೆ ಅಥವಾ ಇಳಿಯುತ್ತದೆ ಎಂಬ ಗುಣಾಂಕವನ್ನು) ಎಕ್ಸೆಲ್‌ನ ಕೋರೆಲ್ ಸೂತ್ರ ಒಂದೇ ಹೊಡೆತಕ್ಕೆ ಕೊಡುತ್ತದೆ: −1ರಿಂದ +1ರವರೆಗೆ. ಅದನ್ನು ನಂಬುವ ಮುಂಚೆ ಅಡ್ಡಕ್ಕೆ ಮಳೆ, ಉದ್ದಕ್ಕೆ ಇಳುವರಿ ಇಟ್ಟು ಚುಕ್ಕಿಗಳನ್ನು ಹಾಕಿ. ಮಳೆ ಕಡಿಮೆಯಾದರೂ ಬೆಳೆ ಹೋಗುತ್ತದೆ, ಅತಿಯಾದರೂ ಹೋಗುತ್ತದೆ. ಚುಕ್ಕಿಗಳು ಗುಡ್ಡದಾಕಾರ ತಾಳುತ್ತವೆ, ಗುಣಾಂಕ ಮಾತ್ರ ಸೊನ್ನೆಯ ಹತ್ತಿರ ನಿಲ್ಲುತ್ತದೆ. ಅದು ನೋಡುವುದು ನೇರ ಗೆರೆಯ ಸಂಬಂಧವನ್ನಷ್ಟೆ. ಮತ್ತೆ ನಮ್ಮ 214ರಂಥ ಒಂದು ಚುಕ್ಕಿ ದೂರದಲ್ಲಿ ಕೂತಿದ್ದರೆ ಇಲ್ಲದ ಸಂಬಂಧವನ್ನೂ ಅದೊಂದೇ ಹುಟ್ಟಿಸಬಲ್ಲದು; ಅದನ್ನು ಬಿಟ್ಟು ಇನ್ನೊಮ್ಮೆ ಲೆಕ್ಕ ಹಾಕಿ ಗುಣಾಂಕ ನಿಲ್ಲುತ್ತದೆಯೇ ನೋಡಿ. ನಿಂತರೂ ಕಾರಣ ಸಿಕ್ಕಿತೆಂದಲ್ಲ: ಒಳ್ಳೆಯ ಮಳೆಯ ವರ್ಷ ರೈತರು ಗೊಬ್ಬರವನ್ನೂ ಹೆಚ್ಚು ಹಾಕುತ್ತಾರೆ, ಇಳುವರಿ ಏರಿದ್ದರಲ್ಲಿ ಯಾವುದರ ಪಾಲೆಷ್ಟು ಎಂದು ತಿಳಿಯಲು ಗೊಬ್ಬರದ ಅಂಕಣವೂ ಬೇಕು.